ರಿಪೇರಿ ಇಲ್ಲದ ಊರಿಗೆ ಹೋಗುವ ಮುನ್ನ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಈ ಶಾಲೆಯ 2004ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಬಿ.ಇ. ಮುಗಿಸಿ ಈಗ ಇಂದಿರಾನಗರದ ಒಂದು ಕಂಪನಿಯಲ್ಲಿದ್ದೇನೆ. ಪ್ರಯೋಗಾಲಯದ ಉಪಕರಣಗಳನ್ನು ನಡೆಸುವ, ಅಳತೆಗಳನ್ನು ದಾಖಲಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಹಾಗಾಗಿ ಇವತ್ತು ಪರೀಕ್ಷೆಯ ಬಗ್ಗೆ ಎರಡು ಮಾತು ಆಡುತ್ತೇನೆ. ಮಕ್ಕಳೇ, ಹೆದರಬೇಡಿ, ಇದು ಉಪಗ್ರಹದ ಪರೀಕ್ಷೆ!

ಕೆ.ಆರ್.ಪುರದಿಂದ ಬಸ್ಸು ಹತ್ತಿದರೆ ವಿಮಾನಪುರ ದೂರವೇನಲ್ಲ. ಅಲ್ಲಿ ಯು.ಆರ್.ರಾವ್ ಉಪಗ್ರಹ ಕೇಂದ್ರವಿದೆ. 1981ರಲ್ಲಿ ಹಾರಿದ 'ಆ್ಯಪಲ್' ಉಪಗ್ರಹವನ್ನು ಅದಕ್ಕೂ ಮುಂಚೆ ಎತ್ತಿನ ಗಾಡಿಯ ಮೇಲಿಟ್ಟು ಪರೀಕ್ಷೆ ಮಾಡಿದ ಫೋಟೋವನ್ನು ನೀವು ನೋಡಿರಬಹುದು. ಅದು ಬಡತನದ ಚಿತ್ರವೆಂದು ಕೆಲವರು ತಿಳಿದಿದ್ದಾರೆ. ಲೋಹದ ವಾಹನವಾದರೆ ರೇಡಿಯೊ ಅಲೆಗಳಿಗೆ ಅಡ್ಡಿಯಾಗುತ್ತದೆ, ಮರದ ಗಾಡಿಯಾದರೆ ಆ ತೊಂದರೆ ಇಲ್ಲ. ಅದು ಬುದ್ಧಿವಂತಿಕೆಯ ಚಿತ್ರ.

ಇಷ್ಟೊಂದು ಪರೀಕ್ಷೆ ಏಕೆ? ನಮ್ಮ ಗಾಡಿ ಕೆಟ್ಟರೆ ಶಿವಾಜಿನಗರದಲ್ಲಿ ಬಿಡಿಭಾಗವೂ ಸಿಗುತ್ತದೆ, ಮೆಕ್ಯಾನಿಕ್ಕೂ ಸಿಗುತ್ತಾನೆ. ಸಂಪರ್ಕ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಗೆ ಯಾವ ಮೆಕ್ಯಾನಿಕ್ಕೂ ಹೋಗಲಾರ.

ಒಂದು ಉದಾಹರಣೆ ಹೇಳುತ್ತೇನೆ. ಉಪಗ್ರಹದೊಳಗೆ ಶಕ್ತಿಶಾಲಿ ರೇಡಿಯೊ ಅಲೆಗಳು ಲೋಹದ ಟೊಳ್ಳು ಕೊಳವೆಗಳಲ್ಲಿ ಸಾಗಿ ಆಂಟೆನಾ ತಲುಪುತ್ತವೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲವಲ್ಲ, ಕೊಳವೆಯ ಒಳಗೂ ನಿರ್ವಾತ. ಅಲ್ಲಿ ಒಂದು ಎಲೆಕ್ಟ್ರಾನ್ ಗೋಡೆಗೆ ಬಡಿದರೆ ಎರಡು ಹೊರಬರಬಹುದು. ಅಷ್ಟರಲ್ಲಿ ಅಲೆಯ ದಿಕ್ಕು ತಿರುಗಿದರೆ ಆ ಎರಡೂ ಎದುರಿನ ಗೋಡೆಗೆ ಬಡಿದು ನಾಲ್ಕಾಗುತ್ತವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಹೀಗೆ ಪ್ರತಿ ಸಲ ದುಪ್ಪಟ್ಟಾದರೆ ಇಪ್ಪತ್ತನೇ ಬಡಿತಕ್ಕೆ ಹತ್ತು ಲಕ್ಷ ದಾಟುತ್ತದೆ. ಇದಕ್ಕೆ 'ಮಲ್ಟಿಪ್ಯಾಕ್ಟರ್' ಎನ್ನುತ್ತಾರೆ. ಸಂಕೇತ ಕೆಡುತ್ತದೆ, ಬಿಸಿ ಏರುತ್ತದೆ, ಭಾಗ ಸುಟ್ಟೂ ಹೋಗಬಹುದು. ವಿಚಿತ್ರವೆಂದರೆ, ಗಾಳಿ ತುಂಬಿದ ಕೋಣೆಯ ಮೇಜಿನ ಮೇಲೆ ಇದು ಕಾಣಿಸಿಕೊಳ್ಳುವುದೇ ಇಲ್ಲ. ಎಲೆಕ್ಟ್ರಾನ್ ಓಡುವ ದಾರಿಗೆ ಗಾಳಿಯ ಕಣಗಳು ಅಡ್ಡ ಬರುತ್ತವೆ.

ಆದ್ದರಿಂದ ಮೊದಲು ಲೋಹದ ಒಂದು ತುಂಡನ್ನು ನಿರ್ವಾತದಲ್ಲಿಟ್ಟು, ಅದಕ್ಕೆ ಎಲೆಕ್ಟ್ರಾನ್ ಹೊಡೆದು, ಎಷ್ಟು ಒಳಗೆ ಹೋದವು, ಎಷ್ಟು ಹೊರಬಂದವು ಎಂದು ಲೆಕ್ಕ ಹಾಕುತ್ತಾರೆ. ಅಲ್ಯುಮಿನಿಯಂ ಗಾಳಿಗೆ ತೆರೆದಿದ್ದರೆ ಆಕ್ಸೈಡ್ ಪದರ ಕಟ್ಟಿ ಹೆಚ್ಚು ಎಲೆಕ್ಟ್ರಾನ್ ಹೊರಬಿಡುತ್ತದೆ. ಅದಕ್ಕೇ ಬೆಳ್ಳಿಯ ಲೇಪನ ಮಾಡುವುದುಂಟು. ಬರಿಗೈಲಿ ಮುಟ್ಟಿದ ಜಿಡ್ಡಿನಿಂದಲೂ ಈ ಲೆಕ್ಕ ಬದಲಾಗಬಹುದು. ಆಮೇಲೆ ಇಡೀ ಭಾಗವನ್ನು ನಿರ್ವಾತ ಕೋಣೆಗೆ ಹಾಕಿ, ಮೇಲೆ ಹೋದಾಗ ಹೊರಬೇಕಾದ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ಹಂತಹಂತವಾಗಿ ಕೊಡುತ್ತಾರೆ. ತಪ್ಪು ಕಾಣುವುದಾದರೆ ಇಲ್ಲೇ ಕಾಣಲಿ ಎಂಬುದೇ ಉದ್ದೇಶ.

2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಆಗ 5,854 ಕಿಲೋ ತೂಕದ ಜಿಸ್ಯಾಟ್-11 ಉಡಾವಣೆಗೆಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ತಲುಪಿಯಾಗಿತ್ತು. ಇಸ್ರೋ ಏಪ್ರಿಲ್‌ನಲ್ಲಿ ಅದನ್ನು ಬೆಂಗಳೂರಿಗೆ ವಾಪಸು ಕರೆಸಿ ಮತ್ತೆ ತಪಾಸಣೆ ಮಾಡಿತು. ನಾಲ್ಕು ಜನ ಏನೆಂದಾರು ಎಂದು ನೋಡಲಿಲ್ಲ. ಡಿಸೆಂಬರ್ 5ರಂದು ಅದು ಯಶಸ್ವಿಯಾಗಿ ಹಾರಿತು. ಮದುವೆ ಮಂಟಪದವರೆಗೆ ಹೋದ ದಿಬ್ಬಣ ವಾಪಸು ಬಂದಂತಹ ಆ ತೀರ್ಮಾನಕ್ಕೆ ಎಷ್ಟು ಧೈರ್ಯ ಬೇಕು, ಯೋಚಿಸಿ.

ಕೊನೆಯದಾಗಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಅದು ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಆ ಹಣದಲ್ಲಿ ಅರ್ಧವನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಡೋಣ. ಮಕ್ಕಳು ಓಮ್‌ನ ನಿಯಮವನ್ನು ಬಾಯಿಪಾಠ ಮಾಡುವುದರ ಜೊತೆಗೆ ತಾವೇ ತಂತಿ ಜೋಡಿಸಿ, ಮೀಟರ್ ಓದಿ, ಬಂದ ಅಂಕಿಯನ್ನು ಬಂದಂತೆಯೇ ಬರೆಯಲಿ. ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಅಳಿಸುವುದು ಬೇಡ, ಏಕೆ ಹೊಂದಲಿಲ್ಲ ಎಂದು ಮೇಷ್ಟ್ರನ್ನು ಕೇಳಲಿ. ಉಪಗ್ರಹದ ಪ್ರಯೋಗಾಲಯದಲ್ಲೂ ನಡೆಯುವುದು ಇಷ್ಟೇ.

ನಮ್ಮ ಬ್ಯಾಚಿನವರು ಮೀಟರುಗಳನ್ನೂ ಬೀರುವನ್ನೂ ಕೊಡಿಸಲು ಒಪ್ಪಿದ್ದಾರೆ. ಬೀರುವಿನ ಬೀಗದ ಕೈ ಮಕ್ಕಳ ಕೈಗೆ ಎಟುಕುವ ಹಾಗಿರಲಿ ಎಂದು ಗುರುಗಳಲ್ಲಿ ಬೇಡಿಕೊಂಡು, ನನ್ನ ಮಾತು ಮುಗಿಸುತ್ತೇನೆ.