ಕಾಣದಾದ ಕುರಿಯ ಲೆಕ್ಕ
(ಶತಮಾನೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ಲೆಕ್ಕ ಒಪ್ಪಿಸುವ ಕಾಲ. ಎಷ್ಟು ಜ್ಞಾನಸ್ನಾನಗಳಾದವು, ಎಷ್ಟು ವಿವಾಹಗಳು ನೆರವೇರಿದವು, ಎಷ್ಟು ಮಂದಿಯನ್ನು ಮಣ್ಣಿಗೆ ಒಪ್ಪಿಸಿದೆವು ಎಂಬುದನ್ನು ನಮ್ಮ ದಾಖಲೆ ಪುಸ್ತಕಗಳು ದಿನಾಂಕ ಸಹಿತ ಹೇಳುತ್ತವೆ. ಆದರೆ ಆ ಮರಣಗಳಲ್ಲಿ ಎಷ್ಟನ್ನು ಕುಡಿತವು ಅಕಾಲದಲ್ಲಿ ತಂದಿತು, ಆ ವಿವಾಹಗಳಲ್ಲಿ ಎಷ್ಟನ್ನು ಸೀಸೆಯು ಒಡೆಯಿತು ಎಂಬುದನ್ನು ಯಾವ ಪುಟವೂ ಹೇಳುವುದಿಲ್ಲ. ಇಂದು ಆ ಬರೆಯದ ಪುಟವನ್ನು ಕುರಿತು ಎರಡು ಮಾತು ಆಡಬಯಸುತ್ತೇನೆ.

ನಮ್ಮ ಈ ಭಾಗಕ್ಕೂ ಮದ್ಯಕ್ಕೂ ಇರುವ ನಂಟು ಹಳೆಯದು. 1809ರ ಸುಮಾರಿಗೆ ದಂಡು ಪ್ರದೇಶ ನೆಲೆಗೊಂಡಾಗ ಸಿಪಾಯಿಗಳ ಜೊತೆಯಲ್ಲೇ ಸಾರಾಯಿ ಅಂಗಡಿಯೂ ಬಂದಿತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಮಿಕ್ಕ ಜನ ಸತ್ತರು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು; ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಸೀಮೆಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿ ಕಳ್ಳಭಟ್ಟಿಗೆ ಬಲಿಯಾದರು. ಒಟ್ಟಿಗೆ ಸತ್ತವರನ್ನು ಸರ್ಕಾರ ಎಣಿಸಿತು, ಪತ್ರಿಕೆಗಳು ಎಣಿಸಿದವು. ಶಿವಾಜಿನಗರದ ಓಣಿಯಲ್ಲೋ ಹಲಸೂರಿನ ವಠಾರದಲ್ಲೋ ಒಬ್ಬೊಬ್ಬನಾಗಿ ಸಾಯುವವನನ್ನು ಎಣಿಸುವವರು ಯಾರು?

ದೇವರ ದಯೆಯಿಂದ ಇಂದು ಸಹಾಯಕ್ಕೆ ಕೊರತೆಯಿಲ್ಲದಿದ್ದರೂ ದಾರಿಗಳಂತೂ ಉಂಟು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಅಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ನಮ್ಮ ನಗರದಲ್ಲೂ ಸಭೆ ಸೇರುತ್ತದೆ. ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. 1981ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ ಆರಂಭಿಸಿದ ಕೃಪಾ ಪ್ರತಿಷ್ಠಾನ ದೇಶದ ಅನೇಕ ಕಡೆ ಹಬ್ಬಿದೆ. ಆದರೆ ಇಂಥ ಸೇವೆಗೆ ಕಾಣಿಕೆ ನೀಡುವ ನೀವು ಕೇಳುವ ಪ್ರಶ್ನೆ ನ್ಯಾಯವಾದದ್ದು: ಇದರಿಂದ ಫಲವಾಯಿತೆಂದು ತಿಳಿಯುವುದು ಹೇಗೆ?

ಪ್ರತಿಜ್ಞೆ ಮಾಡಿದವರ ಸಂಖ್ಯೆಯಿಂದ ತಿಳಿಯುವುದಿಲ್ಲ. 1838ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಫಾದರ್ ಥಿಯೊಬಾಲ್ಡ್ ಮ್ಯಾಥ್ಯೂ ಮದ್ಯತ್ಯಾಗದ ಚಳವಳಿಯನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಲಕ್ಷ ಲಕ್ಷ ಜನ ಅವರ ಮುಂದೆ ಮೊಣಕಾಲೂರಿ ಪ್ರತಿಜ್ಞೆ ಕೈಗೊಂಡರು. ಮಹಾಕ್ಷಾಮ ಬಂದೆರಗಿದ ಮೇಲೆ ಆ ಅಲೆ ಇಳಿಯಿತು. ಪ್ರತಿಜ್ಞೆಯ ಎಣಿಕೆ ಬಿತ್ತಿದ ಬೀಜದ ಎಣಿಕೆ. ಬೆಳೆಯ ಎಣಿಕೆಗೆ ಕಾಲ ಬೇಕು. ಡಬ್ಲಿನ್ನಿನ ಕೂಲಿಯಾಳು ಮ್ಯಾಟ್ ಟಾಲ್ಬಟ್ 1884ರಲ್ಲಿ ಮೊದಲು ಮೂರೇ ತಿಂಗಳಿಗೆ ಪ್ರತಿಜ್ಞೆ ಮಾಡಿದರು. ಬಳಿಕ ಅದನ್ನು ಆರು ತಿಂಗಳಿಗೆ ಏರಿಸಿದರು, ಬಳಿಕ ಜೀವಮಾನಕ್ಕೆ. 1925ರಲ್ಲಿ ಬೀದಿಯಲ್ಲಿ ಕುಸಿದು ಪ್ರಾಣಬಿಡುವವರೆಗೆ ಮತ್ತೆ ಕುಡಿಯಲಿಲ್ಲ. 1975ರಲ್ಲಿ ಧರ್ಮಸಭೆಯು ಅವರನ್ನು ಪೂಜ್ಯರೆಂದು ಘೋಷಿಸಿತು. ಅವರ ಜಯವನ್ನು ಅಳೆದದ್ದು ಮೊದಲ ದಿನದ ಶಪಥವಲ್ಲ, ನಲವತ್ತೊಂದು ವರ್ಷಗಳು.

ಆದ್ದರಿಂದ ಫಲವನ್ನು ಅಳೆಯುವಲ್ಲಿ ನಾಲ್ಕು ವಿಷಯಗಳನ್ನು ನೆನಪಿಡತಕ್ಕದ್ದು.

ಮೊದಲನೆಯದು, ಯಾರನ್ನು ಎಣಿಸಬೇಕು? ಬಾಗಿಲು ದಾಟಿ ಬಂದ ಎಲ್ಲರನ್ನೂ. ನೂರು ಜನ ಬಂದು, ವರ್ಷಾಂತ್ಯದಲ್ಲಿ ಹತ್ತು ಜನ ಉಳಿದು, ಆ ಹತ್ತೂ ಜನ ಕುಡಿತ ಬಿಟ್ಟಿದ್ದರೆ, ಹತ್ತಕ್ಕೆ ಹತ್ತು ಎಂದು ವರದಿ ಬರೆಯುವುದು ಸುಲಭ. ಆ ತೊಂಬತ್ತು ಜನ ಎಲ್ಲಿ ಹೋದರು ಎಂದು ಕೇಳದ ವರದಿ ಸುಳ್ಳು ಸಾಕ್ಷಿಗೆ ಸಮಾನ.

ಎರಡನೆಯದು, ಯಾವಾಗ ಎಣಿಸಬೇಕು? ಆಸ್ಪತ್ರೆಯಿಂದ ಹೊರಡುವ ದಿನ ಎಲ್ಲರೂ ಸ್ವಸ್ಥರೇ. ಮೂರನೆಯ ತಿಂಗಳು, ಆರನೆಯ ತಿಂಗಳು, ವರ್ಷ ತುಂಬಿದಾಗ ಹೋಗಿ ನೋಡಬೇಕು. ನಿಮ್ಹಾನ್ಸ್ ವೈದ್ಯರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಮಾಡಿತು. ಕೆಲವು ದಿನಗಳ ಒಳರೋಗಿ ಚಿಕಿತ್ಸೆಯ ನಂತರ, ರೋಗಿಗಳನ್ನು ವಾರ ವಾರವೂ ಅವರ ಸಮುದಾಯದಲ್ಲೇ ಕಂಡು ವಿಚಾರಿಸಿದಾಗ, ಒಂದು ವರ್ಷದವರೆಗೂ ಅವರ ಸ್ಥಿತಿ ಅಂಥ ಆರೈಕೆ ದೊರೆಯದವರಿಗಿಂತ ಉತ್ತಮವಾಗಿತ್ತು. ಅಂದರೆ ಲೆಕ್ಕಕ್ಕೆಂದು ತಟ್ಟುವ ಬಾಗಿಲೇ ಔಷಧವೂ ಆಗಬಲ್ಲದು.

ಮೂರನೆಯದು, ಯಾವುದಕ್ಕೆ ಹೋಲಿಸಬೇಕು? ಗೋವೆಯ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಮಿತಿಮೀರಿ ಕುಡಿಯುವ ಗಂಡಸರಿಗೆ ಅವರಿಂದ ಸಮಾಲೋಚನೆ ಮಾಡಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯಂತೆ, ಮೂರು ತಿಂಗಳಲ್ಲಿ ಸಮಾಲೋಚನೆ ಪಡೆದವರಲ್ಲಿ ಶೇಕಡಾ 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದರು. ಪಡೆಯದವರಲ್ಲಿ ಶೇಕಡಾ 26 ಮಂದಿ ಇಳಿದರು. 36 ಎಂದಷ್ಟೇ ಹೇಳಿದ್ದರೆ ಅದು ಹೆಗ್ಗಳಿಕೆ. 26ನ್ನೂ ಜೊತೆಯಲ್ಲಿಟ್ಟು ಹೇಳಿದ್ದರಿಂದ ಸತ್ಯವಾಯಿತು. ನಡುವಿನ ಆ ಹತ್ತು ಜನರೇ ಸೇವೆಯ ನಿಜವಾದ ಫಲ. ಹತ್ತು ಮನೆಗಳಲ್ಲಿ ದೀಪ ಹತ್ತಿತೆಂದರೆ ಅದು ಸಣ್ಣ ಮಾತಲ್ಲ.

ನಾಲ್ಕನೆಯದು, ಏನನ್ನು ಅಳೆಯಬೇಕು? ಕುಡಿತವನ್ನಷ್ಟೇ ಅಳೆದರೆ ಸಾಲದು, ಮನೆಯನ್ನೂ ಅಳೆಯಬೇಕು. ಅದೇ ಗೋವೆಯ ಅಧ್ಯಯನದಲ್ಲಿ ಹೆಂಡತಿಯ ಮೇಲಿನ ಹಿಂಸೆ ಸಮಾಲೋಚನೆಯಿಂದ ಕಡಿಮೆಯಾದದ್ದು ಕಂಡುಬರಲಿಲ್ಲ. ಗಂಡ ಲೋಟ ಕೆಳಗಿಟ್ಟ ಮಾತ್ರಕ್ಕೆ ಎತ್ತಿದ ಕೈಯೂ ಕೆಳಗಿಳಿಯಿತೆಂದು ನಂಬಬಾರದು. ಅವಳನ್ನು ಪ್ರತ್ಯೇಕವಾಗಿ ಕೇಳಬೇಕು. 2000ರಲ್ಲಿ ನಿಮ್ಹಾನ್ಸ್‌ನ ಡಾಕ್ಟರ್ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಚಿಕಿತ್ಸೆಗೆ ಬಂದ ವ್ಯಸನಿಗಳ ಮನೆಲೆಕ್ಕ ನೋಡಿದರು. ಸರಾಸರಿ ತಿಂಗಳ ಗಳಿಕೆ 1,661 ರೂಪಾಯಿ. ಕುಡಿತದ ಖರ್ಚು 1,938 ರೂಪಾಯಿ! ಉಳಿದದ್ದು ಸಾಲ. ಹತ್ತರಲ್ಲಿ ಸುಮಾರು ಒಂದು ಮನೆಯಲ್ಲಿ ಹದಿನೈದು ತುಂಬದ ಮಗು ದುಡಿಮೆಗೆ ಹೋಗುತ್ತಿತ್ತು. ಹಾಗಾದರೆ ನಮ್ಮ ಸೇವೆಯ ಅಳತೆಗೋಲು ಯಾವುದು? ಮಗು ಶಾಲೆಗೆ ಮರಳಿತೇ, ಅಡವಿಟ್ಟ ತಾಳಿ ಮನೆಗೆ ಬಂದಿತೇ, ತಿಂಗಳ ಕೊನೆಯಲ್ಲಿ ಡಬ್ಬದಲ್ಲಿ ಅಕ್ಕಿ ಉಳಿಯಿತೇ? ಇವನ್ನು ಕೇಳಲು ಯಾವ ಪದವಿಯೂ ಬೇಡ. ಗಾಂಜಾಕ್ಕೂ ನೋವಿನ ಮಾತ್ರೆಗೂ ಸಿಲುಕಿದ ಇಂದಿನ ಯುವಕರ ವಿಷಯದಲ್ಲೂ ಇದೇ ಮಾತು: ಕೆಲಸಕ್ಕೆ ಹೋಗುತ್ತಿದ್ದಾನೆಯೇ, ಊಟಕ್ಕೆ ಮನೆಗೆ ಬರುತ್ತಿದ್ದಾನೆಯೇ?

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹೀಗೆ ಬರೆದಿಟ್ಟರೆ ಮಾನ ಹೋಗುವುದಿಲ್ಲವೇ? ಪಾಪನಿವೇದನೆಯ ಗುಟ್ಟನ್ನು ಪ್ರಾಣಕ್ಕಿಂತ ಮಿಗಿಲಾಗಿ ಕಾಯುವ ನಾವು ಈ ಮಾತನ್ನು ಹಗುರವಾಗಿ ಕಾಣಲಾರೆವು. ಅನಾಮಿಕರ ಬಳಗವೂ ಹೆಸರನ್ನು ಹೊರಗೆಡಹುವುದಿಲ್ಲ. ಹೆಸರಿಲ್ಲದೆ ಲೆಕ್ಕವಿಡುವುದು ಸಾಧ್ಯ. ಪುಸ್ತಕದಲ್ಲಿ ಅಂಕಿಯಿರಲಿ, ಹೆಸರು ಭೇಟಿ ಮಾಡುವವನ ಹೃದಯದಲ್ಲಿರಲಿ. ಆ ಅಂಕಿಯು ಯಾರನ್ನೂ ತೀರ್ಪಿಗೆ ನಿಲ್ಲಿಸಲು ಬಳಕೆಯಾಗಬಾರದು. ಮತ್ತೆ ಬಿದ್ದವನ ಎದುರು ಬರೆಯಬೇಕಾದ ಶಬ್ದ ‘ಸೋತ’ ಎಂಬುದಲ್ಲ, ‘ಮತ್ತೆ ಹೋಗಿ ನೋಡಬೇಕು’ ಎಂಬುದು.

ಇನ್ನೊಂದು ಅಂಕಿ ನಮ್ಮ ನಿದ್ದೆ ಕೆಡಿಸಬೇಕು. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂದಿತು. ಅದರಂತೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಅಥವಾ ಸಹಾಯ ಪಡೆದವನು ಒಬ್ಬನು. ಬಂದವರನ್ನು ಎಷ್ಟೇ ಚೆನ್ನಾಗಿ ಎಣಿಸಿದರೂ, ಬಾರದ ಮೂವತ್ತೇಳು ಜನ ಲೆಕ್ಕದ ಹೊರಗೇ ಉಳಿಯುತ್ತಾರೆ. ಅವರು ದೂರದವರಲ್ಲ. ಹಲಸೂರಿನಲ್ಲಿ, ಇಂದಿರಾನಗರದಲ್ಲಿ, ಕೆ.ಆರ್.ಪುರದಲ್ಲಿ ನಮ್ಮ ಪಕ್ಕದ ಬಾಗಿಲಲ್ಲಿದ್ದಾರೆ. ಕೆಲವರು ದಿವ್ಯಬಲಿಪೂಜೆಯ ಸಮಯದಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಆಶೀರ್ವಾದಕ್ಕೆ ಮುಂಚೆಯೇ ಹೊರಟುಹೋಗುತ್ತಾರೆ.

ಆದುದರಿಂದ ಈ ಶತಮಾನೋತ್ಸವದ ಸ್ಮರಣೆಗೆ, ಅಮೃತಶಿಲೆಯ ಫಲಕದ ಜೊತೆಗೆ, ಇನ್ನೊಂದು ದಾಖಲೆ ಪುಸ್ತಕವನ್ನು ಆರಂಭಿಸೋಣವೆಂದು ನನ್ನ ಅರಿಕೆ. ಮನೆಮನೆಗೆ ಹೋಗುವ ಅಭ್ಯಾಸವಿರುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರೂ ಕನ್ಯಾಸ್ತ್ರೀಯರೂ ಈ ಭಾರವನ್ನು ಹೊರಬಲ್ಲರು. ವರ್ಷಕ್ಕೊಮ್ಮೆ, ಹೆಸರಿಲ್ಲದೆ, ಕೂಡಿದ್ದನ್ನೂ ಕಳೆದದ್ದನ್ನೂ ಈ ಸಭೆಯ ಮುಂದೆ ಓದಿ ಹೇಳೋಣ.

ಶುಭಸಂದೇಶದ ಕುರುಬನು ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಲು ಹೋದನೆಂದು ನಾವು ಕೊಂಡಾಡುತ್ತೇವೆ. ಆದರೆ ಒಂದು ಕುರಿ ಕಾಣದಾಯಿತೆಂದು ಅವನಿಗೆ ತಿಳಿದದ್ದು ಹೇಗೆ? ಸಂಜೆ ಮಂದೆ ಮರಳಿದಾಗ ಅವನು ಎಣಿಸಿದ್ದನು. ಎಣಿಸದವನಿಗೆ ನೂರೂ ಒಂದೇ, ತೊಂಬತ್ತೊಂಬತ್ತೂ ಒಂದೇ. ಅವನ ಪ್ರೀತಿ ಆರಂಭವಾದದ್ದು ಬೆಟ್ಟದ ದಾರಿಯಲ್ಲಲ್ಲ, ಹಟ್ಟಿಯ ಬಾಗಿಲಲ್ಲಿ, ಒಂದು, ಎರಡು, ಮೂರು ಎಂಬ ಎಣಿಕೆಯಲ್ಲಿ. ಆ ಎಣಿಕೆಯನ್ನು ಕಲಿಯುವ ಕೃಪೆಯನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.