ಪೆಟ್ಟಿಗೆಯೊಳಗಿನ ಗಣಿ ತಾತ

   

ಬೆನ್ಸನ್ ಟೌನಿನ ಈ ಪ್ರದರ್ಶನದಲ್ಲಿ ಮಕ್ಕಳ ಅನಿಮೇಷನ್ ಚಿತ್ರಗಳ ಬಗ್ಗೆ ಒಟ್ಟಾರೆಯಾಗಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಒಳಗೆ ಪೋಸ್ಟರುಗಳಿವೆ, ಕೈಯಲ್ಲಿ ಬರೆದ ಚಿತ್ರಗಳಿವೆ, ಹಳೆಯ ಕ್ಯಾಸೆಟ್ಟುಗಳಿವೆ, ಬೊಂಬೆಗಳಿವೆ. ಅವನ್ನೆಲ್ಲ ನೀವೇ ನೋಡಿಕೊಳ್ಳುತ್ತೀರಿ. ನನಗೆ ಗೊತ್ತಿರುವುದು ಒಂದೇ ಕೆಲಸ. ಬೇರೆ ಭಾಷೆಯ ಕಾರ್ಟೂನುಗಳಿಗೆ ಕನ್ನಡದ ಮಾತು ಬರೆಯುತ್ತೇನೆ, ಕೆಲವಕ್ಕೆ ನಾನೇ ದನಿ ಕೊಡುತ್ತೇನೆ. ಹಾಗಾಗಿ ದನಿಯ ಬಗ್ಗೆಯೇ ಮಾತಾಡುತ್ತೇನೆ. ಮೂರನೇ ಮೇಜಿನ ಮೇಲಿರುವ 'ಟಾಯ್ ಸ್ಟೋರಿ' ವಿಸಿಡಿಗಳನ್ನು ಕಂಡಾಗಿನಿಂದ ನನಗೆ ಬೇರೇನೂ ನೆನಪಾಗುತ್ತಿಲ್ಲ.

ನಾನು ಬೆಳೆದದ್ದು ಇಲ್ಲೇ, ಮುನಿರೆಡ್ಡಿ ಪಾಳ್ಯದಲ್ಲಿ. ಎದುರು ಮನೆಯಲ್ಲಿ ತಮಿಳು, ಪಕ್ಕದಲ್ಲಿ ದಖ್ಖನಿ, ಮಹಡಿ ಮೇಲಿನ ಆಂಟಿ ಮನೆಯಲ್ಲಿ ಇಂಗ್ಲಿಷು. ಕೇಬಲ್ಲಿನಲ್ಲಿ ಬರುತ್ತಿದ್ದ ಕಾರ್ಟೂನುಗಳೂ ಹಿಂದಿ, ತಮಿಳು ಕಲಿತಿದ್ದವು. ಕನ್ನಡ ಕಲಿತಿರಲಿಲ್ಲ. ಇಡೀ ಚಿತ್ರವನ್ನು ಕಂಪ್ಯೂಟರಿನಲ್ಲೇ ರೂಪಿಸಿದ ಜಗತ್ತಿನ ಮೊದಲ ಪೂರ್ಣಾವಧಿಯ ಸಿನಿಮಾ 1995ರ 'ಟಾಯ್ ಸ್ಟೋರಿ' ಎಂಬುದೆಲ್ಲ ಆಮೇಲೆ ತಿಳಿದ ವಿಷಯ. ಆಗ ನನಗೆ ಅದು ಆಂಟಿ ಮನೆಯ ಕ್ಯಾಸೆಟ್ಟು, ಅಷ್ಟೆ. ಪಕ್ಕದಲ್ಲಿ ತಮ್ಮ ಕೂತು ಪ್ರತಿ ಮಾತಿಗೂ "ಅವನು ಏನಂದ? ಇವನು ಏನಂದ?" ಅಂತ ಪೀಡಿಸುತ್ತಿದ್ದ. ಅರ್ಥವಾದದ್ದನ್ನು ಹೇಳುತ್ತಿದ್ದೆ, ಆಗದ್ದನ್ನು ಕಟ್ಟಿ ಹೇಳುತ್ತಿದ್ದೆ. ನನ್ನ ಮೊದಲ ಡಬ್ಬಿಂಗ್ ಅದೇ.

ಎರಡನೆಯ ಭಾಗ ನೋಡಿದ್ದು 2001ರ ಬೇಸಿಗೆಯಲ್ಲಿ, ಬಾಡಿಗೆಗೆ ತಂದ ವಿಸಿಡಿಯಲ್ಲಿ. ಆ ವರ್ಷ ಫೆಬ್ರವರಿ 28ಕ್ಕೆ ಕೋಲಾರದ ಚಿನ್ನದ ಗಣಿ ಮುಚ್ಚಿತ್ತು. ನಮ್ಮ ತಾತ ಆ ಗಣಿಯ ಚಾಂಪಿಯನ್ ರೀಫಿನಲ್ಲಿ ಕೆಲಸ ಮಾಡಿ ತೀರಿಕೊಂಡವರು. ಅಜ್ಜಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು, ರಜೆಗೆಂದು ನಮ್ಮ ಮನೆಗೆ ಬಂದಿದ್ದರು. ಸಿನಿಮಾದಲ್ಲಿ ಒಬ್ಬ ಬಿಳಿ ಗಡ್ಡದ ಬೊಂಬೆ ಇದ್ದಾನಲ್ಲ, ಕೈಯಲ್ಲಿ ಗುದ್ದಲಿಯಂಥದ್ದು ಹಿಡಿದವನು. ಇಂಗ್ಲಿಷಿನಲ್ಲಿ ಅವನು ಪ್ರಾಸ್ಪೆಕ್ಟರ್. ಆ ಪದ ನನಗೆ ಗೊತ್ತಿರಲಿಲ್ಲ. "ಚಿನ್ನ ಅಗೆಯೋನು, ಗಣಿ ತಾತ" ಎಂದು ತಮ್ಮನಿಗೆ ಹೇಳಿದೆ. ಅಜ್ಜಿ ಎಲೆಅಡಿಕೆ ಮಡಿಸುತ್ತಿದ್ದವರು ತಲೆ ಎತ್ತಿ ತುಂಬಾ ಹೊತ್ತು ನೋಡಿದರು. ಆಮೇಲೆ, "ಗಣೀನೋನಂತೆ! ಅವನ ಕೈ ನೋಡೇ, ಒಂದು ಗೀರಿಲ್ಲ" ಅಂದರು.

ಅವನ ಕಥೆ ನಿಮಗೆ ಗೊತ್ತಿದೆ. ಅಂಗಡಿಯಿಂದ ಬಂದ ಅವನ ಪೆಟ್ಟಿಗೆಯನ್ನು ಯಾರೂ ಒಮ್ಮೆಯೂ ತೆರೆದಿಲ್ಲ. ಯಾವ ಮಗುವೂ ಅವನನ್ನು ಮುಟ್ಟಿಲ್ಲ. ಟೋಕಿಯೋದ ಒಂದು ಬೊಂಬೆ ಮ್ಯೂಸಿಯಮ್ಮಿಗೆ ಹೋಗಿ ಗಾಜಿನ ಹಿಂದೆ ನಿಲ್ಲುವುದೇ ಅವನಿಗೆ ದೊಡ್ಡ ಬದುಕು. ಅವನು ಕೆಟ್ಟವನು ಎಂದು ಸಿನಿಮಾ ತಿಳಿಸುವುದು ಕೊನೆಗೆ. ನಮ್ಮಜ್ಜಿ ಕೈ ನೋಡಿ ಅರ್ಧಕ್ಕೇ ಹೇಳಿಬಿಟ್ಟರು.

ಈ ಭಾಷಣಕ್ಕೆಂದು ಕಳೆದ ವಾರ ಮಗಳ ಜೊತೆ ಮುಂದಿನ ಮೂರೂ ಭಾಗಗಳನ್ನು ಮತ್ತೆ ನೋಡಿದೆ. ಮಗಳಿಗೆ ಎಂಟು ವರ್ಷ. ಯಾವುದು ಮೊದಲು, ಯಾವುದು ಕೊನೆ ಎಂದು ಇಬ್ಬರೂ ಬರೆದಿಟ್ಟೆವು. ಅವಳ ಪಟ್ಟಿ ಬೇರೆ. ನನ್ನದರಲ್ಲಿ ಎರಡನೆಯದು ಮೊದಲು, ನಾಲ್ಕನೆಯದು ಆಮೇಲೆ, ಮೂರನೆಯದು ಕೊನೆಗೆ. ಮೂರನ್ನು ಕೊನೆಗೆ ಇಟ್ಟಿದ್ದಕ್ಕೆ ಇಲ್ಲಿ ಅನೇಕರು ಒಪ್ಪುವುದಿಲ್ಲ ಎಂದು ಗೊತ್ತು. 2010ರ ಆ ಚಿತ್ರಕ್ಕೆ ಆಸ್ಕರ್ ಬಂತು, ಬೊಂಬೆಗಳ ಒಡೆಯನಾದ ಹುಡುಗ ಆಂಡಿ ದೊಡ್ಡವನಾಗಿ ಕಾಲೇಜಿಗೆ ಹೊರಡುವಾಗ ಚಿತ್ರಮಂದಿರವೇ ಅತ್ತಿತು. ನಾನೂ ಅತ್ತೆ. ಆದರೆ ಅದು ಬೀಳ್ಕೊಡುಗೆಯ ಸಿನಿಮಾ. ಬೊಂಬೆಗೆ ಹೇಳಲು ತನ್ನದೇ ಏನಿದೆ ಎಂದು ಕೇಳುವುದು ಎರಡು ಮತ್ತು ನಾಲ್ಕು.

ಎರಡನೆಯದನ್ನು ಮೊದಲು ವಿಡಿಯೊ ಕ್ಯಾಸೆಟ್ಟಿಗಾಗಿ ಮಾತ್ರ ಮಾಡಲು ಹೊರಟಿದ್ದರು. 1998ರಲ್ಲಿ ಯಾರೋ ತಪ್ಪಾಗಿ ಕೊಟ್ಟ ಒಂದು ಆದೇಶದಿಂದ ಚಿತ್ರದ ಬಹುಪಾಲು ಕಂಪ್ಯೂಟರಿನಿಂದ ಅಳಿಸಿಹೋಯಿತು. ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯಲ್ಲಿ ಒಂದು ಪ್ರತಿ ಉಳಿದಿತ್ತು. ತೊಟ್ಟಿಲ ಪಕ್ಕದಲ್ಲಿ ಉಳಿದ ಸಿನಿಮಾ ಎಂದು ನಾನದನ್ನು ನೆನೆಯುತ್ತೇನೆ. ಅದರಲ್ಲಿ ಒಂದು ದೃಶ್ಯವಿದೆ. ಬೊಂಬೆ ರಿಪೇರಿಯ ಮುದುಕನೊಬ್ಬ ಕಥೆಯ ನಾಯಕ ವುಡಿ ಎಂಬ ಬೊಂಬೆಯ ಹರಿದ ತೋಳು ಹೊಲಿದು, ಕೆನ್ನೆಗೆ ಬಣ್ಣ ಹಚ್ಚಿ, ಬೂಟಿನ ಅಡಿಯಲ್ಲಿ ಆಂಡಿ ಬರೆದಿದ್ದ ಹೆಸರಿನ ಮೇಲೂ ಬಣ್ಣ ಬಳಿಯುತ್ತಾನೆ. ವುಡಿ ಹೊಸದಾಗುತ್ತಾನೆ, ಯಾರವನೂ ಅಲ್ಲದವನಾಗುತ್ತಾನೆ. ಮುಂದೆ ಅವನೇ ಆ ಬಣ್ಣವನ್ನು ಕೆರೆದು ತೆಗೆಯುತ್ತಾನೆ.

ಇನ್ನು 2019ರ ನಾಲ್ಕನೆಯದು. ಅದರಲ್ಲಿ ಗ್ಯಾಬಿ ಗ್ಯಾಬಿ ಎಂಬ ಬೊಂಬೆಯ ಎದೆಯೊಳಗಿನ ಮಾತಿನ ಪೆಟ್ಟಿಗೆ ಕಾರ್ಖಾನೆಯಲ್ಲೇ ಕೆಟ್ಟಿತ್ತು. ದಾರ ಎಳೆದರೆ ಗೊರಗೊರ ಸದ್ದು. ಹಾಗಾಗಿ ಯಾವ ಮಗುವೂ ಅವಳನ್ನು ಮನೆಗೆ ಒಯ್ಯಲಿಲ್ಲ, ಹಳೆ ಸಾಮಾನಿನ ಅಂಗಡಿಯ ಬೀರುವಿನಲ್ಲೇ ವರ್ಷಗಟ್ಟಲೆ ಕೂತಳು. ವುಡಿ ತನ್ನ ಮಾತಿನ ಪೆಟ್ಟಿಗೆಯನ್ನೇ ಅವಳಿಗೆ ಕೊಡುತ್ತಾನೆ. ದನಿ ಬಂದ ಮೇಲೂ ಅವಳು ಕಾದಿದ್ದ ಮಗು ಬೇಡವೆಂದು ಎಸೆದುಹೋಗುತ್ತದೆ. ದಾರಿ ತಪ್ಪಿ ಅಳುತ್ತಿದ್ದ ಇನ್ನೊಂದು ಮಗು ಎತ್ತಿಕೊಳ್ಳುತ್ತದೆ. ದನಿ ಕೊಡುವುದು ನನ್ನ ಹೊಟ್ಟೆಪಾಡು. ಆ ದೃಶ್ಯವನ್ನು ನಾನು ಎರಡು ಸಲ ನಿಲ್ಲಿಸಿ ನೋಡಬೇಕಾಯಿತು.

ಮುಗಿದ ಮೇಲೆ ಮಗಳನ್ನು ಕೇಳಿದೆ, "ಇದು ಕನ್ನಡದಲ್ಲಿ ಇದ್ದಿದ್ದರೆ ನೋಡುತ್ತಿದ್ದೆಯಾ?" ಅವಳು ಯೋಚಿಸಿ ಹೇಳಿದಳು: "ಬೇಡಮ್ಮ, ಕನ್ನಡದಲ್ಲಿದ್ರೆ ಪಾಠದ ಥರ ಇರುತ್ತೆ."

ಇಲ್ಲಿಗೆ ಬಂದದ್ದು ಆ ಮಾತನ್ನು ಹೊತ್ತುಕೊಂಡು. ಅವಳನ್ನು ನಾನು ಬೈಯಲಿಲ್ಲ. ಅವಳ ಕಿವಿಗೆ ಕನ್ನಡ ಹಾಗೆ ಕೇಳಿಸಲು ನಮ್ಮ ಕಡೆಯಿಂದಲೇ ಕಾರಣಗಳಿವೆ.

ಅರವತ್ತರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮುಂತಾದ ಕನ್ನಡ ಹೋರಾಟಗಾರರು ಡಬ್ಬಿಂಗ್ ವಿರುದ್ಧ ಬೀದಿಗಿಳಿದರು. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲಿ. ಡಬ್ಬಿಂಗ್ ಚಿತ್ರಗಳ ನಡುವೆ ನಮ್ಮ ನಟರಿಗೆ, ತಂತ್ರಜ್ಞರಿಗೆ ಅನ್ನವಿರಲಿಲ್ಲ. ಆ ಹೋರಾಟ ಕನ್ನಡ ಚಿತ್ರರಂಗವನ್ನು ಉಳಿಸಿತು, ಅದನ್ನು ನಾನು ಕೈಮುಗಿದು ಹೇಳುತ್ತೇನೆ. ಆದರೆ ಅದರಿಂದ ಬಂದ, ಡಬ್ಬಿಂಗ್ ಕೂಡದೆಂಬ ಕಟ್ಟುಪಾಡು ಬೊಂಬೆಗಳ ಮೇಲೂ ಬಿತ್ತು. ರಾಜ್‌ಕುಮಾರ್ ಅವರ ಬಾಯಿಗೆ ಇನ್ನೊಬ್ಬರ ದನಿ ಕೂರಿಸಿದರೆ ನಮಗೆ ನೋವಾಗುತ್ತದೆ, ಸರಿ. ವುಡಿಯ ಬಾಯಿ ಯಾರದು? ಮೊದಲು ನಟ ಟಾಮ್ ಹ್ಯಾಂಕ್ಸ್ ಮೈಕಿನ ಮುಂದೆ ಮಾತಾಡುತ್ತಾರೆ, ಆ ದನಿಗೆ ತಕ್ಕಂತೆ ಆಮೇಲೆ ಕಂಪ್ಯೂಟರಿನಲ್ಲಿ ತುಟಿ ಆಡಿಸುತ್ತಾರೆ. ಇಂಗ್ಲಿಷಿನಲ್ಲೂ ಅದು ಎರವಲು ದನಿಯೇ. ಬೊಂಬೆಗೆ ಹುಟ್ಟುಭಾಷೆ ಇಲ್ಲ. ಕೊಟ್ಟವರ ಭಾಷೆ ಅದರದು. ಮೂರನೆಯ ಭಾಗದಲ್ಲಿ ಗಗನಯಾತ್ರಿ ಬೊಂಬೆ ಬಜ್‌ನ ಒಳಗಿನ ಒಂದು ಗುಂಡಿ ಅದುಮಿದ್ದೇ ತಡ, ಅವನು ಸ್ಪ್ಯಾನಿಷ್ ಮಾತಾಡುತ್ತಾನಲ್ಲ, ಅಷ್ಟೇ ದೂರ.

2009ರಲ್ಲಿ ಮಕ್ಕಳ ವಾಹಿನಿ ಚಿಂಟು ಟಿವಿ ಬಂತು. ಕಾರ್ಟೂನುಗಳು ಕನ್ನಡ ಮಾತಾಡತೊಡಗಿದವು, ನನ್ನಂಥವರಿಗೆ ಕೆಲಸದ ಬಾಗಿಲೂ ತೆರೆಯಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದಿತು. ಆದರೂ 2019ರ 'ಲಯನ್ ಕಿಂಗ್' ಇಂಗ್ಲಿಷಿನ ಜೊತೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತೇ ಹೊರತು ಕನ್ನಡದಲ್ಲಿ ಬರಲಿಲ್ಲ. 2023ರಲ್ಲಿ ಸ್ಪೈಡರ್‌ಮ್ಯಾನಿನ ಅನಿಮೇಷನ್ ಸರಣಿಯ ಎರಡನೆಯ ಭಾಗ ಭಾರತದಲ್ಲಿ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. 2018ರ ಮೊದಲ ಭಾಗಕ್ಕೆ ಆ ಭಾಗ್ಯ ಇರಲಿಲ್ಲ. ನಮ್ಮ ಮಕ್ಕಳು ಎಷ್ಟೋ ಕಥೆಗಳನ್ನು ಹೀಗೆ ನಡುವಿನಿಂದ ಸೇರಿಕೊಳ್ಳುತ್ತಿದ್ದಾರೆ.

ಬಾಗಿಲು ತೆರೆದರೆ ಸಾಲದು. ನಾನು ಕೆಲಸ ಮಾಡಿದ ಒಂದು ಸ್ಟುಡಿಯೋದಲ್ಲಿ ಮೂಲ ಇಂಗ್ಲಿಷ್ ಮಾತುಗಳನ್ನು ನನಗೆ ಕೊಡುತ್ತಲೇ ಇರಲಿಲ್ಲ. ಹಿಂದಿಗೆ ಮಾಡಿದ್ದನ್ನು ಕನ್ನಡಕ್ಕೆ ಇಳಿಸಿ ಎನ್ನುತ್ತಿದ್ದರು. ಇನ್ನೊಂದು ಕಡೆ ನಾನು "ಬಾರೋ" ಎಂದು ಬರೆದರೆ "ಆಗಮಿಸು" ಎಂದು ತಿದ್ದಿ ಬರುತ್ತಿತ್ತು. ಶುದ್ಧವಾಗಿರಬೇಕಂತೆ. ಗೀರಿಲ್ಲದ ಕೈ ಎಂದು ನಮ್ಮಜ್ಜಿ ಹೇಳಿದ್ದು ನನಗೆ ಪ್ರತಿಸಲ ನೆನಪಾಗುತ್ತಿತ್ತು. ಮಗಳು ಪಾಠ ಎಂದಿದ್ದು ಆ "ಆಗಮಿಸು"ವನ್ನು.

ಕೆಲಸ ಹೇಗೆ ನಡೆಯುತ್ತದೆ ಎಂದು ಮಕ್ಕಳಿಗೆ ಸ್ವಲ್ಪ ಹೇಳಬೇಕು. ಇಂಗ್ಲಿಷ್ ಮಾತು ಹೆಚ್ಚಾಗಿ ವ್ಯಂಜನದಲ್ಲಿ ನಿಲ್ಲುತ್ತದೆ, ನಮ್ಮದು ಸ್ವರದಲ್ಲಿ. ಬೊಂಬೆ ಬಾಯಿ ಮುಚ್ಚಿದ ಮೇಲೂ ನಮ್ಮ ಮಾತು ಉಳಿದಿರುತ್ತದೆ. ಇಂಗ್ಲಿಷಿನವನು 'ಇಲ್ಲ' ಎಂಬುದನ್ನು ಮೊದಲೇ ಹೇಳುತ್ತಾನೆ, ನಾವು "ನಾನು ಅಲ್ಲಿಗೆ ಬರಲ್ಲ" ಎಂದು ಕೊನೆಗೆ ಹೇಳುತ್ತೇವೆ. ಬೊಂಬೆಯ ತಲೆ ಆಗಲೇ ಆಡಿ ಮುಗಿದಿರುತ್ತದೆ. ಅದಕ್ಕೆ ನಾನು ಮೊದಲು ಒಂದು "ಊಹೂಂ" ಹಾಕುತ್ತೇನೆ. ಎಂಥ ಒಳ್ಳೆಯ ಮಾತು ನೋಡಿ, ಕನ್ನಡಿಗರ ಮನೆಯ ಪ್ರತಿ ಮಗುವಿಗೂ ಬರುತ್ತದೆ, ಯಾರೂ ಪಾಠ ಮಾಡಿ ಕಲಿಸಬೇಕಿಲ್ಲ. ಇನ್ನು ಪ, ಬ, ಮ. ಇವನ್ನು ಹೇಳುವಾಗ ತುಟಿ ಕೂಡಲೇಬೇಕು. ಪರದೆಯ ಮೇಲೆ ತುಟಿ ಕೂಡಿದಲ್ಲೆಲ್ಲ ನಾವೂ ಅಂಥದೇ ಅಕ್ಷರ ಹುಡುಕಬೇಕು. ಬಜ್‌ನ 'ಟು ಇನ್ಫಿನಿಟಿ ಆ್ಯಂಡ್ ಬಿಯಾಂಡ್' ಘೋಷಣೆಯ ಕೊನೆಯ ಪದ 'ಬಿಯಾಂಡ್'. ಅದಕ್ಕೆ 'ಆಚೆ' ಎಂದರೆ ಅರ್ಥ ಸರಿ, ತುಟಿ ಕೂಡುವುದಿಲ್ಲ. ಎಷ್ಟೋ ದಿನ ಬಸ್ಸಿನಲ್ಲಿ, ಅಡುಗೆ ಮನೆಯಲ್ಲಿ ಅದನ್ನೇ ಗುನುಗಿದ್ದೇನೆ, ಯಾರೂ ಕೇಳದಿದ್ದರೂ. ಕೊನೆಗೆ ಸಿಕ್ಕಿದ್ದು 'ಮುಂದೆ'. ಎರಡೇ ಅಕ್ಷರ. ಮೊದಲು ತುಟಿ ಕೂಡುತ್ತದೆ, ನಡುವೆ ಅದೇ ಅನುನಾಸಿಕ, ಆಮೇಲೆ ನಾಲಿಗೆ ಮುಟ್ಟುವ ಜಾಗವೂ ಹೆಚ್ಚುಕಮ್ಮಿ ಅದೇ. "ಅನಂತ... ಅದಕ್ಕೂ ಮುಂದೆ!"

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. 2025ರ ಜುಲೈಯಲ್ಲಿ ಬಂದ 'ಮಹಾವತಾರ ನರಸಿಂಹ' ಅನಿಮೇಷನ್ ಚಿತ್ರವನ್ನು ಕನ್ನಡದಲ್ಲೂ ನೋಡಿದಿರಿ. ಅದು ಏಳು ಚಿತ್ರಗಳ ಸರಣಿಯ ಮೊದಲನೆಯದು, ಕೊನೆಯದು 2037ಕ್ಕೆ ಎಂದು ಸಾರಿದ್ದಾರೆ. ಇಲ್ಲಿ ಕೂತಿರುವ ಆರು ವರ್ಷದವರು ಆಗ ಕಾಲೇಜಿನಲ್ಲಿರುತ್ತಾರೆ. ನಾನು ವುಡಿಯ ಜೊತೆ ಬೆಳೆದಂತೆ ಇವರೂ ಒಂದು ಸರಣಿಯ ಜೊತೆ ಬೆಳೆಯುತ್ತಾರೆ, ಯಾವ ಭಾಗ ಮೇಲು, ಯಾವುದು ಕೀಳು ಎಂದು ಜಗಳವಾಡುತ್ತಾರೆ. ಆ ಜಗಳ ಕನ್ನಡದಲ್ಲಿ ನಡೆಯಲಿ ಎಂಬುದು ನನ್ನ ಆಸೆ. ಸಣ್ಣ ಮಕ್ಕಳ ಪಾತ್ರಗಳಿಗೆ ಬಹಳ ಸಲ ನನ್ನಂಥ ಹೆಂಗಸರೇ ದನಿ ಸಣ್ಣ ಮಾಡಿ ಮಾತಾಡುತ್ತೇವೆ. ಆ ಕೆಲಸ ಮಕ್ಕಳದೇ ಆಗಬೇಕು. ಶಿವಾಜಿನಗರದ ಕನ್ನಡ, ಹಲಸೂರಿನ ಕನ್ನಡ, ಮನೆಯಲ್ಲಿ ತಮಿಳೋ ಉರ್ದುವೋ ಆಡಿ ಬೀದಿಯಲ್ಲಿ ಕಲಿತ ಕನ್ನಡ, ಎಲ್ಲವೂ ಪರದೆಯ ಮೇಲೆ ಕೇಳಿಸಬೇಕು.

ಸಂಘಟಕರಲ್ಲಿ ಒಂದು ವಿನಂತಿ ಮಾಡಿಕೊಂಡಿದ್ದೆ, ನಡೆಸಿಕೊಟ್ಟಿದ್ದಾರೆ. ಒಳಗೆ ಬೊಂಬೆಗಳ ಮೇಜಿನ ಗಾಜು ತೆಗೆಸಿದ್ದೇವೆ. ಮುಟ್ಟಿ ನೋಡಿ, ಎತ್ತಿಕೊಳ್ಳಿ. ಎಡಗಡೆಯ ಕೋಣೆಯಲ್ಲಿ ಒಂದು ಪರದೆ, ಒಂದು ಮೈಕು ಇಟ್ಟಿದ್ದೇವೆ. ಪರದೆಯ ಮೇಲೆ ಒಂದು ಸಣ್ಣ ಕಾರ್ಟೂನು ಸದ್ದಿಲ್ಲದೆ ಓಡುತ್ತಿರುತ್ತದೆ. ಒಬ್ಬಳು ಹುಡುಗಿ ಬಾಗಿಲಲ್ಲಿ ನಿಂತ ನಾಯಿಗೆ ಏನೋ ಹೇಳುತ್ತಾಳೆ, ಮೂರು ಸಲ ತುಟಿ ಕೂಡುತ್ತದೆ. ಏನು ಹೇಳುತ್ತಾಳೆ ಎಂದು ನಾನು ಬರೆದಿಲ್ಲ. ಮುಂದೆ ಚಾಪೆಯ ಮೇಲೆ ಕೂತಿರುವ ಮಕ್ಕಳಲ್ಲಿ ಮೊದಲು ಯಾರು ಬರುತ್ತೀರಿ? ಹಳದಿ ಅಂಗಿ ಪುಟ್ಟಾ, ನೀನು ಕೈ ಎತ್ತಿದೆಯಲ್ಲ, ಬಾರೋ.