ಅಂಗಳಕ್ಕೆ ಕಲ್ಲು ಹಾಸೋಣ



ಮಳೆ ಬಂದರೆ ನಮ್ಮ ಅಂಗಳವೆಲ್ಲ ಕೆಸರು. ನೀರು ನಿಂತು ಸೊಳ್ಳೆ. ಕೊಡ ಹೊತ್ತು ಬರುವಾಗ ಜಾರಿದರೆ ಸೊಂಟ ಮುರಿಯುತ್ತೆ. ಅದಕ್ಕೇ ಕಲ್ಲು ಹಾಸೋಣ.

ಆದರೆ ನಿಜವಾದ ಕೆಲಸ ಇರೋದು ಕಲ್ಲಿನ ಕೆಳಗೆ. ಹುಲ್ಲು, ಬೇರು, ಸಡಿಲ ಮಣ್ಣು ತೆಗೆಯಬೇಕು. ಅರ್ಧ ಅಡಿ ಅಗೆದು, ನೀರು ಚಿಮುಕಿಸಿ, ದಮ್ಮಸು ಮಾಡಬೇಕು. ಜಲ್ಲಿ ಹಾಕಿ ಮತ್ತೆ ದಮ್ಮಸು. ಮೇಲೆ ಮರಳು. ಇಷ್ಟು ಮಾಡದಿದ್ದರೆ ಮೊದಲ ಮಳೆಗೇ ಕಲ್ಲು ಕುಸಿಯುತ್ತೆ.

ರಸಮಟ್ಟ ಇಲ್ಲವೇ? ಒಳಗಿನ ನೀರು ಕಾಣುವ ಪೈಪು ಸಾಕು. ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತೆ. ಗಾಳಿಗುಳ್ಳೆ ಇರಬಾರದು, ಅಷ್ಟೆ. ಪೂರಾ ಸಮ ಮಾತ್ರ ಬೇಡ. ಮನೆಯಿಂದ ಆಚೆಗೆ 10 ಅಡಿಗೆ 2 ಅಂಗುಲ ಇಳಿಜಾರು ಕೊಡೋಣ. ಒರಟು ಶಹಾಬಾದ್ ಕಲ್ಲೇ ಇರಲಿ. ನುಣುಪಾದದ್ದು ಒದ್ದೆಯಾದ್ರೆ ಜಾರುತ್ತೆ.

ಮೇಸ್ತ್ರಿಗೆ ಕೂಲಿ ಕೊಡುವ ಮುಂಚೆ ಒಂದು ಕೊಡ ನೀರು ಸುರಿಯೋಣ. ಗೋಡೆ ಕಡೆ ಬಂದರೆ, ಮತ್ತೆ ಎತ್ತಿ ಹಾಸಪ್ಪ ಅನ್ನೋಣ.